ನನ್ನದಲ್ಲದ ಬೆವರು

ಮಂಗಳೂರಿನ ಮಳೆಗಾಲದಲ್ಲಿ ಯಾರ ಬಟ್ಟೆಯೂ ಪೂರ್ತಿ ಒಣಗುವುದಿಲ್ಲ. ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮೇಲೆ ಅಡ್ಡಲಾಗಿ ಒಂದು ನೈಲಾನ್ ಹಗ್ಗ ಕಟ್ಟಿದರೆ ನವರಾತ್ರಿ ಬರುವ ತನಕ ಅದನ್ನು ಬಿಚ್ಚುವ ಮಾತಿಲ್ಲ. ಸೀರೆ ಎರಡು ದಿನ ಫ್ಯಾನಿನ ಕೆಳಗೆ ನೇತಾಡುತ್ತದೆ, ಒಳಬಟ್ಟೆಗಳು ಫ್ರಿಜ್ಜಿನ ಹಿಂಬದಿಯ ಬಿಸಿಗೆ ಆತುಕೊಂಡಿರುತ್ತವೆ, ಕೆಲಸಕ್ಕೆ ಹೊರಡುವ ಮೊದಲು ರವಿಕೆಯ ಕಂಕುಳಿಗೆ ಇಸ್ತ್ರಿಪೆಟ್ಟಿಗೆ ಒತ್ತಿ, ಉಳಿದ ತೇವವನ್ನು ಆವಿ ಮಾಡಿ ಹಾಕಿಕೊಳ್ಳುತ್ತೇವೆ. ಇಷ್ಟಾದರೂ ಒಂದು ಮುಗ್ಗಲು ವಾಸನೆ ಉಳಿಯುತ್ತದೆ. ಅದು ಯಾರೊಬ್ಬರದೂ ಅಲ್ಲ, ಊರಿನದು. ಸಿಟಿ ಬಸ್ಸಿನ ಶಟರ್ ಇಳಿಸಿ ಎಲ್ಲರೂ ಒತ್ತಿಕೊಂಡು ಕೂತಾಗ ಯಾರೂ ಯಾರನ್ನೂ ದೂರುವುದಿಲ್ಲ. ಹಾಗಾಗಿ ನನ್ನ ಮೈಯಿಂದ ಬರತೊಡಗಿದ್ದ ಹೊಸ ವಾಸನೆಯ ತಪ್ಪನ್ನು ನಾನು ಒಂದು ಇಡೀ ಮಳೆಗಾಲ ಬಟ್ಟೆಯ ಮೇಲೆ ಹೊರಿಸಿ ನೆಮ್ಮದಿಯಾಗಿದ್ದೆ. ಬಯಲುಸೀಮೆಯ ಹೆಂಗಸಾಗಿದ್ದರೆ ಮೊದಲ ವಾರದಲ್ಲೇ ಅನುಮಾನ ಬರುತ್ತಿತ್ತೋ ಏನೋ.

ನನಗೆ ಆಗ ಐವತ್ತು ತುಂಬಿತ್ತು. ಮುಟ್ಟು ಮೊದಲು ಲೆಕ್ಕ ತಪ್ಪಿ, ಆಮೇಲೆ ಬಂದರೆ ಬಂತು ಎನ್ನುವ ಹಾಗಾಗಿ, ಕೊನೆಗೆ ಬರುವುದನ್ನೇ ಬಿಟ್ಟಿತ್ತು. ಪಾಠ ಮಾಡುತ್ತಿರುವಾಗ ಎದೆಯಿಂದ ಬಿಸಿ ಎದ್ದು ಕುತ್ತಿಗೆ, ಕಿವಿ, ನೆತ್ತಿಯ ತನಕ ಹತ್ತುತ್ತಿತ್ತು. ಬೆವರು ಹರಿದು, ಬಿಸಿ ಇಳಿದು, ಚಳಿಯಾಗುತ್ತಿತ್ತು. ಇದೆಲ್ಲ ಆಗುತ್ತದೆಂದು ಕೇಳಿದ್ದೆ, ಓದಿದ್ದೆ. ಆದರೆ ಆ ಬೆವರು ನನ್ನದಾಗಿರಲಿಲ್ಲ. ಹೀಗೆ ಹೇಳಿದರೆ ವಿಚಿತ್ರವಾಗಿ ಕೇಳುತ್ತದೆಂದು ಗೊತ್ತು. ಆದರೆ ತನ್ನ ಮೈಯ ವಾಸನೆ ಎಂತದೆಂದು ಯಾರಿಗಾದರೂ ಗೊತ್ತಿದ್ದೇ ಇರುತ್ತದೆ. ಅದು ಬದಲಾಗುವ ದಿನದವರೆಗೆ ಗೊತ್ತಿದೆ ಎಂಬುದು ಗೊತ್ತಿರುವುದಿಲ್ಲ, ಅಷ್ಟೆ. ಹೊಸ ವಾಸನೆಯಲ್ಲಿ ತುಕ್ಕು ಹಿಡಿದ ಕಬ್ಬಿಣವಿತ್ತು. ಅದರ ಹಿಂದೆ, ಹೆಚ್ಚಿ ಮರೆತ ನೀರುಳ್ಳಿಯಂಥದ್ದು ಏನೋ ಇತ್ತು.

ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವಳು. ಕೊಟ್ಟ ಲವಣ ಯಾವುದೆಂದು ಹುಡುಕುವಾಗ ಮೂಗು ಬೇಕಾಗುತ್ತದೆ. ವಿನೆಗರ್‌ನ ಹಾಗೆ ಬಂದರೆ ಒಂದು, ಕೊಳೆತ ಮೊಟ್ಟೆಯ ಹಾಗೆ ಬಂದರೆ ಇನ್ನೊಂದು. ಪ್ರನಾಳವನ್ನು ಮೂಗಿನ ಹತ್ತಿರ ತರಬಾರದು, ದೂರ ಹಿಡಿದು ಅಂಗೈಯಿಂದ ಗಾಳಿಯನ್ನು ಮೆಲ್ಲಗೆ ನಿಮ್ಮ ಕಡೆಗೆ ಬೀಸಿಕೊಳ್ಳಿ ಎಂದು ಪ್ರತಿ ವರ್ಷ ಹೇಳಿಕೊಡುತ್ತೇನೆ. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ನಾನು ನನ್ನ ಕಂಕುಳಿನ ಗಾಳಿಯನ್ನು ಹಾಗೆಯೇ ಬೀಸಿಕೊಳ್ಳುತ್ತಿದ್ದೆ. ಪ್ರತಿ ಸಲವೂ ತುಕ್ಕು.

ಬಟ್ಟೆಗೆ ಎಂತೆಂತ ಮಾಡಿದೆನೋ. ಕೊನೆಯ ನೀರಿಗೆ ವಿನೆಗರ್ ಹಾಕಿ ಹಿಂಡಿದೆ. ಸಿಂಥೆಟಿಕ್ ಸೀರೆಗಳನ್ನೆಲ್ಲ ಮೇಲಿನ ಕಪಾಟಿಗೆ ಹಾಕಿದೆ. ಬಾಣಂತಿ ಮನೆಗಳಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ ಮಗುವಿನ ಬಟ್ಟೆ ಒಣಗಿಸುತ್ತಿದ್ದದ್ದು ನೆನಪಾಗಿ, ಒಂದು ಸಂಜೆ ಸಾಂಬ್ರಾಣಿ ಹಾಕಿ ರವಿಕೆಗಳಿಗೆ ಹೊಗೆ ಹಿಡಿದೆ. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿದರು.

"ಎಂತ, ಪೂಜೆಯಾ?"

"ಬಟ್ಟೆಗೆ ವಾಸನೆ ಬರ್ತದೆ. ನಿಮಗೆ ಬರುವುದಿಲ್ಲವಾ?"

"ನನಗೆ ಬೂತಾಯಿ ಮೀನು ಹಳಸಿದ್ದೇ ಗೊತ್ತಾಗುವುದಿಲ್ಲ. ನನ್ನನ್ನು ಕೇಳ್ತಿಯಲ್ಲ ಮಾರಾಯ್ತಿ."

ಅದು ತಮಾಷೆಯಲ್ಲ. ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದ ವರ್ಷಗಳಲ್ಲಿ ಬಂದ ಜ್ವರ ಅವರ ಮೂಗನ್ನು ತೆಗೆದುಕೊಂಡು ಹೋಯಿತು, ಮತ್ತೆ ಪೂರ್ತಿ ಕೊಡಲಿಲ್ಲ. ಗ್ಯಾಸ್ ಸೋರಿದರೂ ಅವರಿಗೆ ತಿಳಿಯುವುದಿಲ್ಲ. ನನ್ನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವ ಒಬ್ಬನೇ ಒಬ್ಬ ಸಾಕ್ಷಿಗೆ ಮೂಗಿರಲಿಲ್ಲ.

(ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದ್ದರಿಂದ ಇವು ಅವರು ಆಡಿದ ಮಾತುಗಳು ಎನ್ನುವುದಕ್ಕಿಂತ, ನನಗೆ ಈಗ ಕೇಳಿಸುತ್ತಿರುವ ಮಾತುಗಳು ಎನ್ನುವುದು ಸರಿ.)

ನವರಾತ್ರಿ ಕಳೆದು ಬಿಸಿಲು ಬಂತು. ಫ್ಲ್ಯಾಟಿನವರೆಲ್ಲ ತಾರಸಿಗೆ ಹಾಸಿಗೆ, ದಿಂಬು, ಬೆಡ್‌ಶೀಟು ಹೊತ್ತುಕೊಂಡು ಹೋದರು. ನಾನೂ ಹೋದೆ. ನನ್ನ ರವಿಕೆಗಳು ಒಂದು ಮಧ್ಯಾಹ್ನದಲ್ಲಿ ಹಪ್ಪಳದ ಹಾಗೆ ಒಣಗಿದವು. ಒಂದನ್ನು ಎತ್ತಿ ಮೂಗಿಗೆ ಹಿಡಿದೆ. ಬಿಸಿಲು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅಷ್ಟು ಒಳ್ಳೆಯ ವಾಸನೆಯನ್ನು ನಾನು ನಾಲ್ಕು ತಿಂಗಳಿಂದ ಮೂಸಿರಲಿಲ್ಲ. ಮರುದಿನ ಅದನ್ನೇ ಹಾಕಿಕೊಂಡು ಕಾಲೇಜಿಗೆ ಹೋದೆ. ಎರಡನೆಯ ಪೀರಿಯಡ್ ಮುಗಿಯುವಷ್ಟರಲ್ಲಿ ತುಕ್ಕು ವಾಪಸ್ಸು ಬಂದಿತ್ತು.

ಭಯ ಶುರುವಾದದ್ದು ಆವತ್ತು. ಅದಕ್ಕಿಂತ ಮೊದಲಿದ್ದದ್ದು ಬರೀ ಕಿರಿಕಿರಿ.

ಭಯ ಎಂತದ್ದೆಂದು ಈಗಲೇ ಹೇಳಿಬಿಡುತ್ತೇನೆ. ನನ್ನ ಅಮ್ಮ ಕೊನೆಯ ವರ್ಷಗಳಲ್ಲಿ ನಮ್ಮನ್ನೆಲ್ಲ ಮರೆತಳು. ಮೊದಲು ಸೌಟಿನ ಹೆಸರು, ಬಾಗಿಲಿನ ಚಿಲಕದ ಹೆಸರು, ಆಮೇಲೆ ನಾವು. ಆ ಕಾಯಿಲೆ ಹೇಗೆ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನಾನು ಹೇಳುತ್ತಿದ್ದ ಕಥೆ ಒಂದೇ: ಅಮ್ಮನಿಗೆ ಇಲ್ಲದ ವಾಸನೆ ಬರತೊಡಗಿತ್ತು. ಪಂಪ್‌ವೆಲ್‌ನ ಹತ್ತಿರ, ಫ್ಲೈಓವರ್ ಬರುವುದಕ್ಕೆ ಎಷ್ಟೋ ಮೊದಲು, ನಮ್ಮದೊಂದು ಬಾಡಿಗೆ ಮನೆಯಿತ್ತು. ಆ ಮನೆಯ ಅಡುಗೆಕೋಣೆಯಲ್ಲಿ ಅಮ್ಮ ಸ್ಟವ್ ನೋಡುತ್ತಾಳೆ, ಸ್ವಿಚ್ ಬೋರ್ಡಿನ ಹತ್ತಿರ ಮುಖ ತರುತ್ತಾಳೆ, "ಎಂತದೋ ಕರಟುವ ವಾಸನೆ ಬರ್ತಾ ಉಂಟು. ನಿಮಗೆ ಯಾರಿಗೂ ಬರುವುದಿಲ್ಲವಾ?" ಎಂದು ಕೇಳುತ್ತಾಳೆ. ಇಲ್ಲ ಅಮ್ಮ, ಎಂತದೂ ಇಲ್ಲ, ಎನ್ನುತ್ತೇನೆ. ಇದು ಒಂದು ಚಿತ್ರ. ಅದರ ಪಕ್ಕದಲ್ಲೇ ಇನ್ನೊಂದು: ಅಮ್ಮ ನನ್ನ ಚಹಕ್ಕೆ ಉಪ್ಪು ಹಾಕಿ, ಕಲಕಿ, ಕೈಗೆ ಕೊಟ್ಟು, "ನೀವು ಯಾವ ಕಡೆಯವರು?" ಎಂದು ಮರ್ಯಾದೆಯಿಂದ ವಿಚಾರಿಸುತ್ತಾಳೆ. ನನ್ನ ತಲೆಯಲ್ಲಿ ಈ ಎರಡರ ನಡುವೆ ಬೇರೇನೂ ಇಲ್ಲ. ಆಗ ನಾನು ದಿನಚರಿ ಬರೆಯುತ್ತಿರಲಿಲ್ಲ. ಬರೆಯುತ್ತಿದ್ದರೂ ಇಂಥದ್ದನ್ನೆಲ್ಲ ಬರೆದಿಡುತ್ತಿದ್ದೆನೋ ಇಲ್ಲವೋ.

ಮೆದುಳು ಹದಗೆಡುವ ಕೆಲವು ಕಾಯಿಲೆಗಳಲ್ಲಿ ಮೂಗು ಮೊದಲು ದಾರಿ ತಪ್ಪುತ್ತದೆ ಎಂದು ಎಲ್ಲೋ ಓದಿದ್ದೆ. ಆದ್ದರಿಂದ ನನ್ನ ಪ್ರಶ್ನೆ ಸರಳವಾಗಿತ್ತು. ಈ ತುಕ್ಕಿನ ವಾಸನೆ ನನ್ನ ಮೈಯಲ್ಲಿದೆಯೇ, ತಲೆಯಲ್ಲಿದೆಯೇ? ಮೈಯಲ್ಲಿದ್ದರೆ ನಾಚಿಕೆ, ಅಷ್ಟೆ. ನಾಚಿಕೆಯನ್ನು ಹೇಗಾದರೂ ನಿಭಾಯಿಸಬಹುದು. ಉತ್ತರ ಹೇಳಬೇಕಾದವರು ಬೇರೆಯವರು. ಆದರೆ ನಮ್ಮಲ್ಲಿ ಯಾರೂ ಯಾರಿಗೂ ಇದನ್ನು ಹೇಳುವುದಿಲ್ಲ. ಬೇಕಾದರೆ ಎದ್ದು ಕಿಟಕಿ ತೆರೆಯುತ್ತಾರೆ.

ನಾನು ಕಿಟಕಿ ತೆರೆಯುವವರನ್ನು ನೋಡತೊಡಗಿದೆ. ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು ಎದ್ದು ಮುಂದಿನ ಸೀಟಿಗೆ ಹೋದರೆ, ಅವಳು ಮುಂದಿನ ಸ್ಟಾಪಿನಲ್ಲಿ ಇಳಿಯುತ್ತಾಳೋ ಎಂದು ಕಾದು ನೋಡುತ್ತಿದ್ದೆ. ಇಳಿದರೆ ನಾನು ನಿರಪರಾಧಿ. ಆದರೆ ಇಳಿಯದೆ ಕೂತರೆ ಸಮಾಧಾನವಾಗುತ್ತಿತ್ತು: ಹಾಗಾದರೆ ವಾಸನೆ ಇದೆ, ನನ್ನ ತಲೆ ಸರಿಯಿದೆ. ಮರುಕ್ಷಣ ನಾಚಿಕೆ. ಇವೆರಡೂ ಒಟ್ಟಿಗೇ ಬರುತ್ತಿದ್ದವು, ಯಾವುದು ಮೊದಲು ಎಂದು ಹೇಳಲಾರೆ.

ಒಂದು ಬೆಳಿಗ್ಗೆ ಸ್ಟಾಫ್‌ರೂಮಿಗೆ ಹೋದಾಗ ಕನ್ನಡ ವಿಭಾಗದ ಕಿರಿಯ ಅಧ್ಯಾಪಕಿ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು.

"ಮೇಡಂ, ನಿಮಗೆ ಎಂತಾದರೂ ವಾಸನೆ ಬರ್ತಾ ಉಂಟಾ?"

ನಾನು ಬಾಗಿಲಲ್ಲೇ ನಿಂತೆ. "ಎಂತ ವಾಸನೆ?"

"ಇಲಿ ಸತ್ತಿದೆ ಅಂತ ಕಾಣ್ತದೆ. ನಿನ್ನೆಯಿಂದ ಉಂಟು. ನೀವು ಕೂರುವ ಮೂಲೆಯಿಂದ."

ಅಟೆಂಡರ್ ಬಂದು ಕಪಾಟು ಎಳೆದ. ನಾನೂ ಸೆರಗು ಸಿಕ್ಕಿಸಿಕೊಂಡು ಕಪಾಟಿನ ಹಿಂದೆ ಟಾರ್ಚ್ ಹಾಕಿ ಬಗ್ಗಿ ಹುಡುಕಿದೆ. ಒಂದು ಸತ್ತ ಇಲಿಗಾಗಿ ಯಾರೂ ಅಷ್ಟು ಆಸೆಯಿಂದ ಹುಡುಕಿರಲಾರರು. ಮೈಯೆಲ್ಲ ಬಿಸಿ ಏರಿತು, ಬೆವರು ಇಳಿಯಿತು, ಬೆವರಿದರೆ ಇನ್ನೂ ಜಾಸ್ತಿಯಾಗುತ್ತದಲ್ಲ ಎಂಬ ಹೆದರಿಕೆಗೆ ಮತ್ತಷ್ಟು ಬೆವರಿತು. ಕೊನೆಗೆ ನನ್ನ ಮೇಜಿನ ಪಕ್ಕದ ರ‍್ಯಾಕಿನಲ್ಲಿ, ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ ಒಂದು ಸ್ಟೀಲಿನ ಟಿಫಿನ್ ಡಬ್ಬಿ ಸಿಕ್ಕಿತು. ಅಟೆಂಡರ್ ಮುಚ್ಚಳ ಅರ್ಧ ತೆರೆದು ತಕ್ಷಣ ಮುಚ್ಚಿದ.

"ಇಡ್ಲಿ ಆಗಿತ್ತು ಅಂತ ಕಾಣ್ತದೆ. ಈಗ ಅಲ್ಲ," ಎಂದ.

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ. ಆ ಡಬ್ಬಿಯ ವಾಸನೆ ಹುಳಿಯದ್ದು, ಕೊಳೆತದ್ದು. ಡಬ್ಬಿ ಹೊರಗೆ ಹೋದ ಮೇಲೂ ನನ್ನ ಕುತ್ತಿಗೆಯ ಹತ್ತಿರ ತುಕ್ಕು ಹಾಗೆಯೇ ಇತ್ತು. ಅದನ್ನು ಆ ಕಿರಿಯ ಅಧ್ಯಾಪಕಿ ಮೂಸಿದ್ದಳೇ, ಡಬ್ಬಿಯದ್ದನ್ನು ಮಾತ್ರವೇ? ಕೇಳಬಹುದಿತ್ತು. ನಾನು ಕೇಳಲಿಲ್ಲ.

ಅದೇ ವಾರ ಲ್ಯಾಬಿನಲ್ಲಿ ಕೈಯಲ್ಲಿ ಹಿಡಿದಿದ್ದ ಗಾಜಿನ ಕೊಳವೆಯ ಹೆಸರು ಬಾಯಿಗೆ ಬರಲಿಲ್ಲ. "ಇದನ್ನು, ಇದನ್ನು ತೊಳೆದುಕೊಳ್ಳಿ" ಎಂದೆ. "ಪಿಪೆಟ್ ಅಲ್ವಾ ಮೇಡಂ" ಎಂದು ಮುಂದಿನ ಸಾಲಿನ ಹುಡುಗಿ ಸಹಾಯ ಮಾಡಿದಳು. ಅವಳಿಗೆ ಅದು ಏನೂ ಅಲ್ಲ. ನನಗೆ ಸೌಟು ಕೈಯಲ್ಲಿ ಹಿಡಿದು ನಿಂತ ಅಮ್ಮ ಕಂಡಳು.

ಡಾಕ್ಟರಲ್ಲಿಗೆ ಹೋದೆ. ಹೆಂಗಸರ ಡಾಕ್ಟರು, ನನ್ನ ಹಳೆಯ ವಿದ್ಯಾರ್ಥಿನಿ. ಈ ಊರಿನಲ್ಲಿ ಇಪ್ಪತ್ತೈದು ವರ್ಷ ಕಲಿಸಿದರೆ ಇದು ತಪ್ಪಿದ್ದಲ್ಲ. ಅವಳು ಮಾಸ್ಕ್ ಹಾಕಿಕೊಂಡೇ ಮಾತಾಡಿದಳು. ಹತ್ತಿರ ಬಂದು ರಕ್ತದೊತ್ತಡ ನೋಡುವಾಗ ಅವಳ ಹುಬ್ಬಿನಲ್ಲಿ ಏನಾದರೂ ತಿಳಿಯುತ್ತದೋ ಎಂದು ನೋಡಿದೆ. ಹುಬ್ಬಿನಲ್ಲಿ ಏನೂ ತಿಳಿಯಲಿಲ್ಲ.

"ಈ ವಯಸ್ಸಲ್ಲಿ ಇದೆಲ್ಲ ಆಗ್ತದೆ ಮೇಡಂ. ಹಾರ್ಮೋನ್ ಕಮ್ಮಿ ಆಗುವಾಗ ಬೆವರು ಹೆಚ್ಚಾಗ್ತದೆ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬದಲಾಗ್ತದೆ. ಅದಕ್ಕೆ ವಾಸನೆ ಬೇರೆ ಆಗುವುದು. ಸುಮಾರು ಜನ ಬಂದು ಹೇಳ್ತಾರೆ. ಹೇಳದೆ ಇರುವವರು ಅದಕ್ಕಿಂತ ಹೆಚ್ಚು."

"ಹಾಗಾದರೆ ಇದು ನಿಜವಾಗಿ ಇರುವ ವಾಸನೆ."

"ಇರಬಹುದು. ಕೆಲವರಿಗೆ ವಾಸನೆ ಬದಲಾಗುವುದಿಲ್ಲ, ಮೂಗು ಬದಲಾಗ್ತದೆ. ಬೇರೆಯವರಿಗೆ ಬಾರದ್ದು ಅವರಿಗೆ ಬರ್ತದೆ."

"ಯಾವುದು ಅಂತ ಹೇಗೆ ಗೊತ್ತಾಗುವುದು?"

"ಮನೆಯಲ್ಲಿ ಯಾರನ್ನಾದರೂ ಕೇಳಿ ಮೇಡಂ," ಎಂದಳು, ಅದು ಜಗತ್ತಿನ ಅತಿ ಸುಲಭದ ಕೆಲಸ ಎಂಬ ಹಾಗೆ. ಆಮೇಲೆ ಬರೆಯುತ್ತಾ ಕೇಳಿದಳು, "ಮರೆವು, ತಲೆನೋವು, ಹಾಗೆ ಬೇರೆ ಎಂತಾದರೂ ಉಂಟಾ?"

"ಇಲ್ಲ," ಎಂದೆ. ಪಿಪೆಟ್‌ನ ವಿಷಯ ಹೇಳಲಿಲ್ಲ. ಅಮ್ಮನ ವಿಷಯವನ್ನೂ ಹೇಳಲಿಲ್ಲ. ಅವಳು ಕೇಳಿದ್ದೇ ಆ ಕಾಯಿಲೆಯ ಅನುಮಾನಕ್ಕೆ ಇರಬಹುದು ಅನಿಸಿದ ಕೂಡಲೇ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಡಾಕ್ಟರಿಗೆ ಸುಳ್ಳು ಹೇಳಿ ಡಾಕ್ಟರಿಂದ ಸತ್ಯ ಪಡೆಯುವುದು ಹೇಗೆ? ವಿಜ್ಞಾನ ಓದಿದವಳು ಹೀಗೆ ಮಾಡಬಾರದು. ಮಾಡಿದೆ.

ಉಳಿದವಳು ಅಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಶಕ್ತಿನಗರದಲ್ಲಿ ಒಬ್ಬಳೇ ಇರುತ್ತಾಳೆ, ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಅಮ್ಮನನ್ನು ಕೊನೆಯ ತನಕ ನೋಡಿಕೊಂಡವಳು ಅವಳೇ. ಅವಳನ್ನು ಮೊದಲೇ ಕೇಳಬೇಕಿತ್ತು. ಆದರೆ ಅಕ್ಕ ಅಮ್ಮನ ಕಾಯಿಲೆಯನ್ನು ಹತ್ತಿರದಿಂದ ಕಂಡವಳು. ನನಗೆ ಇಲ್ಲದ ವಾಸನೆ ಬರುತ್ತಿದೆ ಎಂದರೆ ಅವಳ ಮುಖ ಒಂದು ಕ್ಷಣ ಹೇಗಾಗಬಹುದು ಎಂದು ಊಹಿಸಿಯೇ ನಾನು ತಿಂಗಳುಗಟ್ಟಲೆ ಸುಮ್ಮನಿದ್ದೆ.

ಕೊನೆಗೆ ಒಂದು ಉಪಾಯ ಮಾಡಿದೆ. ಕೇಳಿದರೆ ಅಕ್ಕ ನನ್ನನ್ನು ಸಮಾಧಾನ ಮಾಡಲಿಕ್ಕೆ ಏನೋ ಒಂದು ಹೇಳುತ್ತಾಳೆ. ಆದ್ದರಿಂದ ಕೇಳಬಾರದು, ಪರೀಕ್ಷೆ ಮಾಡಬೇಕು. ರಾತ್ರಿ ಹಾಕಿ ಬೆಳಿಗ್ಗೆ ಕಳಚಿದ ನನ್ನ ನೈಟಿಯನ್ನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದೆ. ತೊಳೆದು ಒಣಗಿಸಿದ ಇನ್ನೊಂದನ್ನು ಅಂಥದ್ದೇ ಕವರಿನಲ್ಲಿ ಹಾಕಿದೆ. ಆದಿತ್ಯವಾರ ಶಕ್ತಿನಗರಕ್ಕೆ ಹೋಗಿ, ಅಕ್ಕನ ಬಚ್ಚಲಿನಲ್ಲಿ ಬಿದ್ದಿದ್ದ ಅವಳ ನೈಟಿಯನ್ನು ಮೂರನೆಯ ಕವರಿಗೆ ತುಂಬಿದೆ.

ಅಕ್ಕ ಮೀನು ಹೆಚ್ಚಲು ಕೂತಿದ್ದಳು. ನಾನು ಮೂರು ಕವರು ಹಿಡಿದು ನಿಂತದ್ದನ್ನು ನೋಡಿ, "ಎಂತ, ಸೇಲ್‌ಗೆ ಹೋಗಿ ಬಂದದ್ದಾ?" ಎಂದಳು.

"ಕೈ ತೊಳೆದು ಬಾ. ಸೋಪು ಹಾಕಿ ತೊಳೆ. ಇದನ್ನು ಮೂಸಿ ಹೇಳಬೇಕು, ಯಾವುದು ಯಾರದ್ದು ಅಂತ."

"ನಿನ್ನ ಮಂಡೆ ಸಮ ಉಂಟಾ?"

ಅವಳಿಗೆ ಗೊತ್ತಿರಲಿಲ್ಲ, ನಾನು ಕೇಳಲು ಬಂದದ್ದು ಅದನ್ನೇ ಎಂದು. "ಅದೇ ನೋಡಬೇಕಾದ್ದು," ಎಂದೆ. ನನ್ನ ದನಿ ಹೇಗಿತ್ತೋ, ಅಕ್ಕ ಎದ್ದು ಹೋಗಿ ಕೈ ತೊಳೆದಳು. ಹಜಾರದ ಕುರ್ಚಿಯಲ್ಲಿ ಕೂರಿಸಿ, ಕವರಿನೊಳಗೆ ನೋಡದೆ ಕಣ್ಣು ಮುಚ್ಚಿ ಮೂಸಬೇಕು ಎಂದೆ.

"ನಾನೇನು ಪೊಲೀಸ್ ನಾಯಿಯಾ ಮಾರಾಯ್ತಿ?"

"ಇವತ್ತೊಂದು ದಿನ ಆಗು."

ನನ್ನ ಮುಖ ನೋಡಿದರೆ ಅವಳಿಗೆ ಸುಳಿವು ಸಿಗುತ್ತದೆಂದು ನಾನು ಗೋಡೆಯ ಕಡೆ ತಿರುಗಿ ನಿಂತೆ. ಹಿಂದಿನಿಂದ ಪ್ಲಾಸ್ಟಿಕ್ಕಿನ ಸದ್ದು ಕೇಳುತ್ತಿತ್ತು. ಒಂದು ತೆರೆದಳು, ಮುಚ್ಚಿದಳು. ಎರಡನೆಯದರಲ್ಲಿ "ಇದು ನನ್ನದೇ, ಮೆಂತೆ ಎಣ್ಣೆ" ಎಂದಳು. ಮೂರನೆಯದರಲ್ಲಿ ಸದ್ದು ನಿಂತಿತು. ಗೋಡೆಯ ಮೇಲೆ ಹೊಲಿಗೆ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಅದರ ಮೇಲಿನ ಅಕ್ಷರಗಳು ನನ್ನ ಕಣ್ಣಿಗೆ ಹಿಡಿಯುತ್ತಿರಲಿಲ್ಲ.

"ಇದು ನಿನ್ನದು," ಎಂದಳು ಅಕ್ಕ. "ಮೊದಲಿನದು ತೊಳೆದದ್ದು."

"ಹೇಗೆ ಗೊತ್ತಾಯಿತು?"

"ಮತ್ತೆ? ವಾಸನೆ ಉಂಟಲ್ಲ."

"ಎಂಥ ವಾಸನೆ? ಸರಿಯಾಗಿ ಹೇಳು."

ಅಕ್ಕ ಮತ್ತೊಮ್ಮೆ ಮೂಸಿದಳು. "ಹಳೆ ಬಾವಿಯ ರಾಟೆ ಮುಟ್ಟಿದರೆ ಕೈಗೆ ಬರ್ತದಲ್ಲ, ಹಾಗೆ. ತುಕ್ಕಿನ ಹಾಗೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಕ್ಕನಿಗೆ ಹೆದರಿಕೆಯಾಯಿತು. ನನ್ನ ತಲೆ ಹಿಡಿದು, "ಬೇಜಾರು ಮಾಡ್ಕೊಳ್ಬೇಡ, ತುಂಬಾ ಇಲ್ಲ, ಹತ್ತಿರ ಬಂದರೆ ಮಾತ್ರ," ಎಂದು ಏನೇನೋ ಹೇಳತೊಡಗಿದಳು. ನನಗೆ ಆಗಿದ್ದದ್ದು ಬೇಜಾರಲ್ಲ. ನಿನ್ನಿಂದ ನಾತ ಬರುತ್ತದೆ ಎಂದು ಕೇಳಿ ಅಷ್ಟು ಸಂತೋಷಪಟ್ಟ ಹೆಂಗಸು ಈ ಊರಿನಲ್ಲಿ ಇನ್ನೊಬ್ಬಳು ಇರಲಾರಳು.

ಆಗ ಎಲ್ಲವನ್ನೂ ಹೇಳಿದೆ. ಅಮ್ಮನ ಕರಟುವ ವಾಸನೆಯನ್ನೂ ಹೇಳಿದೆ. ಅಕ್ಕ ಕೇಳುತ್ತಾ ಕೇಳುತ್ತಾ ಹುಬ್ಬು ಗಂಟು ಹಾಕಿದಳು.

"ಅದು ಕಾಯಿಲೆ ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಬೇಕಾ? ನಾನು ನೋಡಿದ್ದು."

"ನೀನು ಎಂತ ನೋಡಿದ್ದಿ, ನೀನು ಹಾಸ್ಟೆಲಿನಲ್ಲಿದ್ದಿ. ಶನಿವಾರ ಬಂದು ಆದಿತ್ಯವಾರ ಹೋಗ್ತಿದ್ದಿ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಮೋಟಾರ್ ರಿವೈಂಡಿಂಗಿನವರು ಇದ್ದರು. ಹಳೆ ತಾಮ್ರದ ತಂತಿ ಬಿಡಿಸ್ಲಿಕ್ಕೆ ಬೆಂಕಿ ಹಾಕ್ತಿದ್ದರು. ಅದರ ವಾಸನೆ. ಅಮ್ಮ ಹೋಗಿ ಅವರ ಹತ್ತಿರ ಜಗಳ ಮಾಡಿ ಬಂದಿದ್ದಳು."

"ಮತ್ತೆ ಮರೆವು?"

"ಮರೆವು ಶುರುವಾಗುವಾಗ ನಾವು ಆ ಮನೆ ಬಿಟ್ಟು ಎಷ್ಟು ವರ್ಷ ಆಗಿತ್ತು. ಅದೆಲ್ಲ ಇಲ್ಲಿ, ಈ ಮನೆಯಲ್ಲಿ. ನೀನು ಎರಡನ್ನೂ ಒಟ್ಟಿಗೆ ಕಟ್ಟಿ ಇಟ್ಟಿದ್ದಿ."

ನಾನು ಲೆಕ್ಕ ಹಾಕಿದೆ. ಬಾಡಿಗೆ ಮನೆಯಲ್ಲಿ ಇದ್ದಾಗ ಅಮ್ಮನಿಗೆ ಹೆಚ್ಚುಕಮ್ಮಿ ಈಗಿನ ನನ್ನ ಪ್ರಾಯ. ಅಕ್ಕನೂ ಅದನ್ನೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ. "ಆಗ ಅಮ್ಮನ ಮೂಗು ಅಂದ್ರೆ ಮೂಗು," ಎಂದಳು. "ಅಪ್ಪ ಗೇಟಿನ ಹತ್ತಿರ ಬೀಡಿ ಎಳೆದರೆ ಒಳಗೆ ಗೊತ್ತಾಗ್ತಿತ್ತು. ದಿನಕ್ಕೆ ಎರಡು ಸಲ ಮೀಯುತ್ತಿದ್ದಳು. ಮದುವೆಗೆ ಹೋದರೆ ಎಲ್ಲರಿಂದ ದೂರ, ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂರುತ್ತಿದ್ದಳು. ನನ್ನನ್ನೂ ಹತ್ತಿರ ಮಲಗಲಿಕ್ಕೆ ಬಿಡ್ತಿರಲಿಲ್ಲ. ಸೆಕೆ, ಸೆಕೆ ಅಂತ."

ನನ್ನನ್ನೂ ಬಿಡುತ್ತಿರಲಿಲ್ಲ. ಹಾಸ್ಟೆಲಿನಿಂದ ಬಂದ ದಿನ ನಾನು ಅಮ್ಮನ ಚಾಪೆಯ ತುದಿಗೆ ಹೋಗಿ ಮಲಗಿದರೆ ಅವಳು ಎದ್ದು ಜಗಲಿಗೆ ಹೋಗುತ್ತಿದ್ದಳು. ನಾನು ದೂರ ಓದಲು ಹೋದದ್ದಕ್ಕೆ ಸಿಟ್ಟು ಎಂದುಕೊಂಡಿದ್ದೆ. ಅಮ್ಮನಿಗೂ ಕೇಳಲು ಯಾರೂ ಇರಲಿಲ್ಲವೇನೋ. ಅಥವಾ ಇದೂ ನಾನೀಗ, ಅಕ್ಕನ ಮಾತು ಕೇಳಿದ ಮೇಲೆ, ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಇನ್ನೊಂದು ಕಥೆ ಇರಬಹುದು. ಆ ಓಣಿ ಈಗ ಇಲ್ಲ. ಮೋಟಾರಿನ ಅಂಗಡಿ ಇತ್ತೆಂದು ಹೇಳುವುದಕ್ಕೆ ಅಕ್ಕ ಮಾತ್ರ ಇದ್ದಾಳೆ. ಅಕ್ಕನ ನೆನಪೂ ನೆನಪೇ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಸಂತೋಷ ಅರ್ಧ ದಾರಿಯ ತನಕ ಉಳಿಯಿತು. ಆಮೇಲೆ ಒಂದು ವಿಷಯ ಹೊಳೆಯಿತು. ತುಕ್ಕು ಎಂಬ ಮಾತನ್ನು ಅಕ್ಕ ತಾನಾಗಿ ಹೇಳಿದಳೇ? ಅದಕ್ಕಿಂತ ಮೊದಲು ಫೋನಿನಲ್ಲಿ ಯಾವಾಗಾದರೂ, ನೀರಿನ ಟ್ಯಾಂಕಿನ ವಿಷಯವೋ ಇನ್ನೆಂತದೋ ಮಾತಾಡುವಾಗ, ಮೈಯೆಲ್ಲ ತುಕ್ಕಿನ ಹಾಗೆ ಆಗಿದೆ ಎಂದು ನಾನು ಬಾಯಿ ಬಿಟ್ಟಿದ್ದೆನೇ? ಇಲ್ಲ ಎಂದೇ ನಂಬಿದ್ದೇನೆ. ಆದರೆ ಪಂಪ್‌ವೆಲ್‌ನ ಅಡುಗೆಕೋಣೆಯನ್ನೂ ನಾನು ಅಷ್ಟೇ ಗಟ್ಟಿಯಾಗಿ ನಂಬಿದ್ದೆ. ಮತ್ತೆ ಮೂರು ಕವರಿನಲ್ಲಿ ಕಣ್ಣು ಮುಚ್ಚಿ ಕೈ ಹಾಕಿದರೂ ಒಮ್ಮೊಮ್ಮೆ ಸರಿಯಾಗುತ್ತದೆ. ಒಂದೇ ಸಲದ ಫಲಿತಾಂಶವನ್ನು ನಂಬಿ ರೆಕಾರ್ಡ್ ಬರೆದು ತಂದ ಮಕ್ಕಳಿಗೆ ನಾನು ಸಹಿ ಹಾಕುವುದಿಲ್ಲ.

ಮನೆ ಮುಟ್ಟಿದ ಕೂಡಲೇ ಫೋನ್ ಮಾಡಿದೆ. "ಇನ್ನೊಂದು ಸಲ ಮಾಡಬೇಕು."

"ಹೋಗೇ," ಎಂದಳು ಅಕ್ಕ. ಆಮೇಲೆ, "ಕವರು ಗಿವರು ಬೇಡ. ಆದಿತ್ಯವಾರ ಬರ್ತಿಯಲ್ಲ, ಆಗ ಮೂಸಿ ಹೇಳ್ತೇನೆ. ಉಂಟಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಸುಳ್ಳು ಹೇಳುವುದಿಲ್ಲ," ಎಂದಳು.

ಹಾಗೆ ಅದೊಂದು ಕ್ರಮವಾಯಿತು. ಹೋದ ಕೂಡಲೇ ಅಕ್ಕ ಹೊಲಿಗೆ ಯಂತ್ರದಿಂದ ಏಳುತ್ತಾಳೆ, ಬಾಯಲ್ಲಿ ಕಚ್ಚಿಕೊಂಡ ದಾರ ತೆಗೆಯುತ್ತಾಳೆ, ನನ್ನ ಕುತ್ತಿಗೆಯ ಹತ್ತಿರ ಮುಖ ತರುತ್ತಾಳೆ. "ಉಂಟು," ಎನ್ನುತ್ತಾಳೆ. ಕೆಲವೊಮ್ಮೆ "ಜಾಸ್ತಿ ಉಂಟು, ಆ ಕಡೆ ಕೂತ್ಕೊ." ನಾನು ಆ ವಾರ ಚೆನ್ನಾಗಿ ಪಾಠ ಮಾಡುತ್ತೇನೆ. ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತೇನೆ, ಹತ್ತಿಯ ಬಟ್ಟೆ ಹಾಕುತ್ತೇನೆ, ನಾಚಿಕೆಯ ಕೆಲಸವನ್ನೆಲ್ಲ ನಾಚಿಕೆಯಿಲ್ಲದೆ ಮಾಡುತ್ತೇನೆ. ಎಲ್ಲರೂ ಔಷಧಿ ಮಾಡುವುದು ವಾಸನೆ ಹೋಗಲಿ ಎಂದು. ಅದು ನಿಜವಾಗಿ ಹೋಗಿ, ನನ್ನ ಮೂಗಿನಿಂದ ಮಾತ್ರ ಹೋಗದೆ ಉಳಿದರೆ? ಒಂದು ಆದಿತ್ಯವಾರ ಅಕ್ಕ ಮುಖ ಹಿಂದಕ್ಕೆ ತೆಗೆದು, ಸುಳ್ಳು ಹೇಳದೆ, "ಇಲ್ಲ" ಎಂದರೆ? ಆ ದಿನ ಡಾಕ್ಟರಲ್ಲಿಗೆ ಹೋಗಿ ಎಲ್ಲವನ್ನೂ ಹೇಳಬೇಕೆಂದು ನಿಶ್ಚಯ ಮಾಡಿಕೊಂಡಿದ್ದೇನೆ. ನಿಶ್ಚಯ ಮಾಡುವುದು ಸುಲಭ.

ಕಳೆದ ಆದಿತ್ಯವಾರ ಹೋದಾಗ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ಅಕ್ಕ ತಲೆಗೆ ಶಾಲು ಸುತ್ತಿಕೊಂಡು ಕೂತಿದ್ದಳು.

"ಶೀತ ಮಾರಾಯ್ತಿ. ಮೂಗು ಪೂರ್ತಿ ಬಂದ್. ಇವತ್ತು ನನ್ನನ್ನು ಎಂತ ಕೇಳಬೇಡ."

"ಪರವಾಗಿಲ್ಲ," ಎಂದೆ. ಒಂದು ವಾರ, ಅಷ್ಟೆ. ಅಡುಗೆಕೋಣೆಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿದೆ, ನೀಲಗಿರಿ ಎಣ್ಣೆ ಬಿಟ್ಟೆ, ತಂದು ಅವಳ ಮುಂದೆ ಇಟ್ಟೆ, ತಲೆಯ ಮೇಲಿಂದ ಟವೆಲ್ ಹೊದಿಸಿದೆ. ಟವೆಲ್ಲಿನ ಒಳಗೆ ಅವಳು ಉಸಿರೆಳೆಯುವುದು ಕೇಳುತ್ತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ನೀಲಗಿರಿಯ ಆವಿಯ ನಡುವೆಯೂ ನನಗೆ ತುಕ್ಕು ಸ್ಪಷ್ಟವಾಗಿ ಬರುತ್ತಿತ್ತು.

ಟವೆಲ್ ತೆಗೆದಾಗ ಅಕ್ಕನ ಮುಖ ಕೆಂಪಾಗಿತ್ತು. ಮೂಗು ಎಳೆದುಕೊಂಡು, "ಸ್ವಲ್ಪ ಬಿಟ್ಟಿತು," ಎಂದಳು.

"ಈಗ ವಾಸನೆ ಬರ್ತದಾ?"

"ನೀಲಗಿರಿ ಬರ್ತದೆ."

ನಾನು ಬಗ್ಗಿ ನನ್ನ ಕುತ್ತಿಗೆಯನ್ನು ಅವಳ ಮುಖದ ಹತ್ತಿರ ತಂದೆ. ಅವಳು ಪ್ರಾಮಾಣಿಕವಾಗಿ, ಕಣ್ಣು ಮುಚ್ಚಿ, ಎರಡು ಸಲ ಎಳೆದಳು.

"ಬೇರೆ ಎಂತ ಇಲ್ಲ," ಎಂದಳು.

ಶೀತದ ಮೂಗಿನ ಮಾತು ಲೆಕ್ಕಕ್ಕಿಲ್ಲ, ನೀಲಗಿರಿ ಎಲ್ಲವನ್ನೂ ಮುಚ್ಚುತ್ತದೆ. ನಾನು ಇದನ್ನು ಯಾರಿಗೆ ಬೇಕಾದರೂ ವಿವರಿಸಬಲ್ಲೆ. ಪಾತ್ರೆ ಎತ್ತಿಕೊಂಡು ಒಳಗೆ ಹೋದೆ, ಆ ನೀರನ್ನು ಚೆಲ್ಲಿದೆ, ಎಣ್ಣೆಯ ಪಸೆ ಹೋಗುವ ತನಕ ಪಾತ್ರೆಯನ್ನು ಸೋಪು ಹಾಕಿ ತಿಕ್ಕಿದೆ, ಬರೀ ನೀರು ತುಂಬಿ ಮತ್ತೆ ಕುದಿಯಲು ಇಟ್ಟೆ.